ಹಳೆಯ ಕಾರಿನ ಬೆನ್ನೆಲುಬು: ತುಕ್ಕು, ಸತು ಮತ್ತು ಬಣ್ಣ

ನಮ್ಮ ತಂದೆಯವರ ಬಳಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿತ್ತು. ಮದರಾಸಿನಲ್ಲಿ ತಯಾರಾದದ್ದು, ಕುಂದಾಪುರದ ನಮ್ಮ ಮನೆಗೆ ಬರುವ ಹೊತ್ತಿಗೆ ಮೂರನೆಯ ಕೈಗೆ ಬಂದಿತ್ತು. 1990ರ ಮಳೆಗಾಲಕ್ಕೆ ಮುಂಚೆ ಅದನ್ನು ಒಂದು ಗ್ಯಾರೇಜಿಗೆ ಬಿಟ್ಟು ಅಡಿಭಾಗಕ್ಕೆಲ್ಲ ಕಪ್ಪು ಬಣ್ಣ ಹೊಡೆಸಿದರು. ಬಣ್ಣವೆಂದರೆ ಸಾಮಾನ್ಯದ್ದಲ್ಲ, ಡಾಂಬರಿನಂತೆ ದಪ್ಪನೆಯ ಲೇಪ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಇನ್ನು ಹತ್ತು ವರ್ಷಕ್ಕೆ ಹೆದರಿಕೆ ಇಲ್ಲ ಮಾರಾಯ್ರೆ" ಎಂದಿದ್ದು ನನಗೆ ಚೆನ್ನಾಗಿ ನೆನಪಿದೆ. ದೀಪಾವಳಿಯ ಹಿಂದಿನ ದಿನ ಚಕ್ರ ಪಂಕ್ಚರ್ ಆಯಿತು. ತಂದೆಯವರು ಜಾಕು ಕೊಟ್ಟು ತಿರುಗಿಸಿದರು. ಜಾಕು ಕಾರನ್ನು ಎತ್ತುವ ಬದಲು ಚಾಸಿಯ ಒಳಕ್ಕೇ ಹೊಕ್ಕಿತು. ಕಾರು ಕುಸಿಯಿತು. ಚಕ್ರದ ಬಳಿ ಇದ್ದ ಎಡಗೈಯ ಎರಡು ಬೆರಳುಗಳು ಜಜ್ಜಿಹೋದವು. ಒಡೆದ ಜಾಗದಲ್ಲಿ ಕಂಡದ್ದು ಇಷ್ಟು: ಹೊರಗೆ ಹೊಳೆಯುವ ಕಪ್ಪು ಲೇಪ, ಅದರ ಹಿಂದೆ ಕೆಂಪು ಹುಡಿ. ನಡುವೆ ಕಬ್ಬಿಣವೇ ಇರಲಿಲ್ಲ.

ಹಳೆಯ ವಾಹನಗಳ ಬಗ್ಗೆ ನಮ್ಮ ಮಾತುಕತೆ ಕಾರ್ಯಕ್ರಮ ಪ್ರಸಾರವಾದ ಮೇಲೆ ವೀಕ್ಷಕರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಂಜಿನ್ನಿನ ಬಗ್ಗೆಯೋ ಹೊರಗಿನ ಬಣ್ಣದ ಬಗ್ಗೆಯೋ ಇದ್ದವು. ಚಾಸಿಯ ಬಗ್ಗೆ ಕೇಳಿದವರು ವಿರಳ. ಸ್ಟುಡಿಯೋದಲ್ಲಿಯೂ ಅದಕ್ಕೆ ಸಿಕ್ಕಿದ್ದು ನಾಲ್ಕು ನಿಮಿಷ. ಕ್ಯಾಮೆರಾಕ್ಕೆ ಹೊಳೆಯುವ ಬಾನೆಟ್ಟು ಚೆಂದ, ಅಡಿಯ ತಗಡು ಚೆಂದವಲ್ಲ. ಆ ತಪ್ಪಿನಲ್ಲಿ ನಿರ್ಮಾಪಕರಾದ ನಮ್ಮ ಪಾಲೂ ಇದೆ. ಆದ್ದರಿಂದ ಉಳಿದುಹೋದ ಮಾತನ್ನು ಈ ಪುಟಗಳಲ್ಲಿ ಸಾವಕಾಶವಾಗಿ ಆಡೋಣ.

ಉದಾಹರಣೆಗೆ ಒಂದೇ ಕಾರನ್ನು ಆರಿಸಿಕೊಂಡಿದ್ದೇನೆ: ಇಂಗ್ಲೆಂಡಿನ ಲೋಟಸ್ ಎಲಾನ್. ನಮ್ಮ ರಸ್ತೆಗಳಲ್ಲಿ ನೀವು ಇದನ್ನು ಕಂಡಿರುವುದು ಅನುಮಾನ. ಹಳೆಯ ಬ್ರಿಟಿಷ್ ದೂರದರ್ಶನ ಧಾರಾವಾಹಿ 'ದಿ ಅವೆಂಜರ್ಸ್' ನೋಡಿದವರಿಗೆ ನಟಿ ಡಯಾನಾ ರಿಗ್ ಓಡಿಸುತ್ತಿದ್ದ ಪುಟ್ಟ ಕಾರು ನೆನಪಿರಬಹುದು, ಅದೇ ಇದು. ಚಾಸಿ ಎಂದರೇನು, ಅದು ಹೇಗೆ ಕೆಡುತ್ತದೆ, ಹೇಗೆ ಉಳಿಯುತ್ತದೆ ಎಂಬುದಕ್ಕೆ ಇದರಷ್ಟು ಸ್ಪಷ್ಟವಾದ ಪಾಠ ಬೇರೆ ಕಾರಿನಲ್ಲಿ ಸಿಗದು. ಇನ್ನೊಂದು ಸ್ವಾರಸ್ಯವೂ ಇದೆ. ಎಲಾನಿನ ಮುಂಚಕ್ರಗಳನ್ನು ಹಿಡಿದು ನಿಲ್ಲಿಸುವ ನೆಟ್ಟನೆಯ ಉಕ್ಕಿನ ತುಂಡುಗಳನ್ನು ಲೋಟಸ್ ತಾನೇ ತಯಾರಿಸಲಿಲ್ಲ, ಟ್ರಯಂಫ್ ಹೆರಾಲ್ಡ್ ಕುಟುಂಬದ ಕಾರುಗಳಿಂದ ಎರವಲು ತಂದಿತು. ಆ ಹೆರಾಲ್ಡೇ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾದದ್ದು. ಅಂದರೆ ನಮ್ಮ ತಂದೆಯವರ ಕಾರಿಗೂ ಈ ದುಬಾರಿ ಸ್ಪೋರ್ಟ್ಸ್ ಕಾರಿಗೂ ದೂರದ ನೆಂಟಸ್ತಿಕೆ ಇದೆ!

ಎಲಾನ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1962ರ ಲಂಡನ್ ಮೋಟಾರು ಪ್ರದರ್ಶನದಲ್ಲಿ. ಲೋಟಸ್ ಸಂಸ್ಥಾಪಕ ಕಾಲಿನ್ ಚಾಪ್‌ಮನ್ ತೂಕವನ್ನು ಶತ್ರುವೆಂದೇ ಭಾವಿಸಿದ್ದ ಎಂಜಿನಿಯರು. ಅದಕ್ಕೂ ಮುಂಚೆ, 1957ರಲ್ಲಿ ತೋರಿಸಿದ 'ಎಲೀಟ್' ಎಂಬ ಕಾರಿನಲ್ಲಿ ಚಾಸಿಯೇ ಇರಲಿಲ್ಲ. ಫೈಬರ್‌ಗ್ಲಾಸಿನ ಒಡಲೇ ಎಲ್ಲ ಭಾರವನ್ನೂ ಹೊರುತ್ತಿತ್ತು. ಎಲಾನಿನ ಮೇಲ್ಭಾಗವೂ ಫೈಬರ್‌ಗ್ಲಾಸೇ. ಆದರೆ ಅದರ ಕೆಳಗೆ ಉಕ್ಕಿನ ತಗಡನ್ನು ಮಡಚಿ ಬೆಸೆದ ಒಂದು ಪೆಟ್ಟಿಗೆ ಇದೆ. ಇಂಜಿನ್ನು ಮತ್ತು ಚಕ್ರಗಳ ಪರೀಕ್ಷೆಗೆಂದು ತಾತ್ಕಾಲಿಕವಾಗಿ ಮಾಡಿಕೊಂಡ ಚೌಕಟ್ಟು ಚೆನ್ನಾಗಿ ಕೆಲಸ ಮಾಡಿದ್ದರಿಂದ ಅದನ್ನೇ ಕಾಯಂ ಮಾಡಿದರು ಎಂಬ ಕತೆ ಪ್ರಸಿದ್ಧವಾಗಿದೆ. ಕಾರಿನ ವಿನ್ಯಾಸದ ಹೊಣೆ ಹೊತ್ತಿದ್ದವರು ರಾನ್ ಹಿಕ್‌ಮನ್. ಬಡಗಿಗಳು ಬಳಸುವ ಮಡಚುವ ಮೇಜು 'ವರ್ಕ್‌ಮೇಟ್' ಅನ್ನು ಮುಂದೆ ಕಂಡುಹಿಡಿದವರೂ ಅವರೇ.

ಈ ಚಾಸಿಯ ಆಕಾರವನ್ನು ಊಹಿಸಿಕೊಳ್ಳಿ. ಎರಡು ಕವೆಕೋಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಂತೆ. ಮುಂದಿನ ಕವೆಯ ನಡುವೆ ಇಂಜಿನ್ನು, ಹಿಂದಿನ ಕವೆಯ ನಡುವೆ ಡಿಫರೆನ್ಷಿಯಲ್ಲು. ನಡುವಿನ ಟೊಳ್ಳು ಪೆಟ್ಟಿಗೆ ಚಾಲಕ ಮತ್ತು ಜೊತೆಗಾರನ ಮಧ್ಯೆ ಹಾದುಹೋಗುತ್ತದೆ; ಅದರೊಳಗೆ ತಿರುಗುವ ಶಾಫ್ಟು. ಪ್ರಾಣಿಯ ಬೆನ್ನೆಲುಬಿನ ಹಾಗೆ. ಇಂಗ್ಲಿಷಿನಲ್ಲಿಯೂ ಇದಕ್ಕೆ ಅದೇ ಅರ್ಥದ ಹೆಸರಿದೆ. ತಗಡಿನ ದಪ್ಪ ಎರಡು ಮಿಲಿಮೀಟರೂ ಇಲ್ಲ. ಇಷ್ಟು ತೆಳ್ಳಗಿನ ತಗಡು ಏಳುನೂರು ಕಿಲೋಗ್ರಾಂ ಆಸುಪಾಸಿನ ಕಾರನ್ನು ತಿರುಚದಂತೆ ಹಿಡಿದಿಡುವುದು ಪೆಟ್ಟಿಗೆಯ ಆಕಾರದಿಂದ. ಒಂದು ಪೋಸ್ಟ್ ಕಾರ್ಡನ್ನು ಹಿಡಿದು ತಿರುಚಿ ನೋಡಿ, ಸುಲಭ. ಅದೇ ಕಾರ್ಡನ್ನು ಮಡಚಿ ನಾಲ್ಕೂ ಬದಿ ಅಂಟಿಸಿ ತಿರುಚಲು ಪ್ರಯತ್ನಿಸಿ. ಆದರೆ ಒಂದು ಅಂಚನ್ನು ಬ್ಲೇಡಿನಿಂದ ಸೀಳಿದರೆ? ಮತ್ತೆ ಬರೀ ಕಾರ್ಡು. ತುಕ್ಕು ಮಾಡುವುದು ಈ ಬ್ಲೇಡಿನ ಕೆಲಸವನ್ನೇ.

ಎಲಾನಿನ ಚಾಸಿಗೆ ಇನ್ನೊಂದು ವಿಚಿತ್ರ ಕೆಲಸವನ್ನೂ ಕೊಟ್ಟಿದ್ದರು. ಈ ಕಾರಿನ ಮುಂದೀಪಗಳು ಕಪ್ಪೆಯ ಕಣ್ಣಿನಂತೆ ಮೇಲೆದ್ದು ಬರುತ್ತವೆ. ಮೊದಲ ಮಾದರಿಗಳಲ್ಲಿ ಅವುಗಳನ್ನು ಎತ್ತಿ ಹಿಡಿಯುತ್ತಿದ್ದುದು ಇಂಜಿನ್ನು ಹೀರಿ ಉಂಟುಮಾಡುವ ನಿರ್ವಾತ. ಆ ನಿರ್ವಾತವನ್ನು ಕೂಡಿಡಲು ಬೇರೆ ತೊಟ್ಟಿ ಯಾಕೆ, ತೂಕ ದಂಡ ಎಂದು ಚಾಸಿಯ ಮುಂದಿನ ಅಡ್ಡ ಪೆಟ್ಟಿಗೆಯನ್ನೇ ತೊಟ್ಟಿಯಾಗಿ ಬಳಸಿಕೊಂಡರು. ಜಾಣತನ ಹೌದು. ಆದರೆ ಪೆಟ್ಟಿಗೆಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ನಿರ್ವಾತ ಸೋರುತ್ತದೆ, ರಾತ್ರಿ ಓಡಿಸುವಾಗ ದೀಪಗಳು ಮೆಲ್ಲಗೆ ಕಣ್ಣು ಮುಚ್ಚುತ್ತವೆ. ಎಷ್ಟೋ ಮಾಲೀಕರು ರಬ್ಬರು ಕೊಳವೆ ಬದಲಾಯಿಸಿ, ಕವಾಟ ಬದಲಾಯಿಸಿ, ಕೊನೆಗೆ ಚಾಸಿಯೇ ಸೋರುತ್ತಿದೆಯೆಂದು ಕಂಡುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇಂಥ ಎಚ್ಚರಿಕೆ ಕೊಡುವ ಕಾರು ಪುಣ್ಯದ್ದು. ನಮ್ಮ ಹೆರಾಲ್ಡ್ ಅದನ್ನೂ ಕೊಡಲಿಲ್ಲ.

ಈಗ ತುಕ್ಕಿನ ವಿಚಾರ. ಶಾಲೆಯಲ್ಲಿ ನಾವೆಲ್ಲ ಓದಿದ್ದು: ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು. ಅಷ್ಟೇ ಆಗಿದ್ದರೆ ಗಾಳಿ ಚೆನ್ನಾಗಿ ಆಡುವ ಹೊರಮೈ ಮೊದಲು ಕೆಡಬೇಕಿತ್ತು. ಆದರೆ ಕೆಡುವುದು ಸಂದು, ಮಡಿಕೆ, ಎರಡು ತಗಡು ಒಂದರ ಮೇಲೊಂದು ಕೂತ ಜಾಗ. ಯಾಕೆ? ತುಕ್ಕು ಹಿಡಿಯುವುದು ಒಂದು ಸಣ್ಣ ಬ್ಯಾಟರಿಯ ಕೆಲಸ. ಒಂದು ಕಡೆ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಕಡೆಗೆ ಹೋಗಿ ಅಲ್ಲಿ ಆಮ್ಲಜನಕ ಮತ್ತು ನೀರಿನೊಂದಿಗೆ ಸೇರುತ್ತವೆ. ಆಮ್ಲಜನಕ ಧಾರಾಳವಾಗಿರುವ ಹೊರಮೈ ಎಲೆಕ್ಟ್ರಾನುಗಳನ್ನು ಪಡೆಯುವ ತುದಿಯಾಗುತ್ತದೆ. ಆಮ್ಲಜನಕ ಕಡಿಮೆಯಿರುವ ಸಂದು, ಕೆಸರು ಮೆತ್ತಿದ ಜಾಗ, ಕರಗುವ ತುದಿಯಾಗುತ್ತದೆ. ಗಾಳಿ ಹೊರಗೆ, ಕರಗುವುದು ಒಳಗೆ. ನೀರಿನಲ್ಲಿ ಉಪ್ಪು ಸೇರಿದರೆ ವಿದ್ಯುತ್ತು ಇನ್ನೂ ಸುಲಭವಾಗಿ ಹರಿಯುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುತ್ತಾರೆ; ನಮ್ಮ ಕರಾವಳಿಯಲ್ಲಿ ಗಾಳಿಯೇ ಆ ಕೆಲಸ ಮಾಡುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಆದ್ದರಿಂದ ಸಂದಿನ ತಗಡುಗಳನ್ನು ದೂಡಿ ಉಬ್ಬಿಸುತ್ತದೆ. ಬೆಸುಗೆಯ ಸಾಲಿನಲ್ಲಿ ಉಬ್ಬು ಕಂಡರೆ ಅದರರ್ಥ ಇದೇ.

ಎಲಾನಿನಲ್ಲಿ ಮುಂಚಕ್ರಗಳ ಸ್ಪ್ರಿಂಗನ್ನು ಹಿಡಿಯುವ ಎರಡು ಗೋಪುರಗಳ ಬುಡ ಹೀಗೆ ಕೆಡುವ ಜಾಗ. ಚಕ್ರ ಎರಚಿದ ನೀರು, ಕೆಸರು ಅಲ್ಲಿ ಇಳಿಯುತ್ತದೆ. ನೀರು ಹೊರಗೆ ಹೋಗುವ ತೂತು ಮುಚ್ಚಿಕೊಂಡಿತೆಂದರೆ ಗೋಪುರ ಬಾವಿಯಾಗುತ್ತದೆ. ಬ್ರೇಕು ಒತ್ತಿದಾಗ, ತಿರುವಿನಲ್ಲಿ, ಕಾರಿನ ಭಾರವೆಲ್ಲ ವಾಲುವುದು ಈ ಬುಡದ ಮೇಲೆಯೇ.

ಹಾಗಾದರೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಬಣ್ಣದಿಂದಲ್ಲ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಫೈಬರ್‌ಗ್ಲಾಸ್ ಒಡಲನ್ನು ಚಾಸಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಅವನ್ನು ಬಿಚ್ಚಿ ಒಡಲನ್ನು ಎತ್ತಿ ಪಕ್ಕಕ್ಕಿಡದೆ ಚಾಸಿಯ ಅರ್ಧ ಭಾಗ ಕಣ್ಣಿಗೇ ಬೀಳುವುದಿಲ್ಲ. ನಾಲ್ಕು ಜನ ಗೆಳೆಯರು ಸೇರಿದರೆ ಎತ್ತಬಹುದಾದ ಭಾರ ಅದು. ಆಮೇಲೆ ಬೇಕಾದವು ಮೂರೇ: ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರು, ಉಕ್ಕಿನ ಅಳತೆ ಟೇಪು. ಸುತ್ತಿಗೆಯಿಂದ ಸಾಲಾಗಿ ತಟ್ಟುತ್ತಾ ಹೋಗಿ. ತೆಂಗಿನಕಾಯಿ ಆರಿಸುವಾಗ ಬೆರಳಿನಿಂದ ತಟ್ಟಿ ಕೇಳುತ್ತೇವಲ್ಲ, ಹಾಗೆ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತ ತಗಡು ದಬ್ ಎನ್ನುತ್ತದೆ. ಸದ್ದು ಬದಲಾದಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮನಸ್ಸು ಗಟ್ಟಿ ಮಾಡಿಕೊಂಡು ಒತ್ತಬೇಕು, ಮಾಲೀಕರು ಸಾಮಾನ್ಯವಾಗಿ ಮೆಲ್ಲಗೆ ಒತ್ತುತ್ತಾರೆ.

ಟೇಪು ಯಾಕೆಂದರೆ, ಅರುವತ್ತು ವರ್ಷದ ಕಾರು ಎಂದಾದರೂ ಎಲ್ಲಾದರೂ ಗುದ್ದಿಕೊಂಡೇ ಇರುತ್ತದೆ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳೆಯಿರಿ. ಮನೆಗೆ ಪಾಯ ಹಾಕುವಾಗ ಮೇಸ್ತ್ರಿಗಳು ಮೂಲೆಮಟ್ಟ ನೋಡುವ ಕ್ರಮವೇ ಇದು. ಎರಡು ಕರ್ಣಗಳೂ ಸಮವಿಲ್ಲದಿದ್ದರೆ ಚಾಸಿ ಸೊಟ್ಟ. ಸೊಟ್ಟ ಚಾಸಿಗೆ ಎಷ್ಟು ಒಳ್ಳೆಯ ಲೇಪ ಕೊಟ್ಟರೂ ಅದು ಚೆಂದದ ಸೊಟ್ಟ ಚಾಸಿ, ಅಷ್ಟೆ.

ಇಲ್ಲಿ ಒಂದು ಕಠಿಣ ತೀರ್ಮಾನ ಎದುರಾಗುತ್ತದೆ: ಹಳೆಯದನ್ನು ತೇಪೆ ಹಾಕಿ ಉಳಿಸುವುದೋ, ಹೊಸದನ್ನು ಹಾಕುವುದೋ? ಎಲಾನ್ ಮಾಲೀಕರಿಗೆ ಅದೃಷ್ಟವಶಾತ್ ಆಯ್ಕೆ ಇತ್ತು. ಮೂಲ ಚಾಸಿಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದು ಬಣ್ಣದ ಲೇಪ ಮಾತ್ರ. ಅದರ ಗತಿ ಕಂಡ ಮೇಲೆ ಲೋಟಸ್ ತನ್ನ ಹೊಸ ಕಾರುಗಳಲ್ಲಿ, ಉದಾಹರಣೆಗೆ 1980ರ ಎಸ್ಪ್ರಿಟ್‌ನಲ್ಲಿ, ಸತುವಿನಲ್ಲಿ ಅದ್ದಿದ ಚಾಸಿಯನ್ನು ಬಳಸಿತು. ಹಳೆಯ ಎಲಾನ್‌ಗಳಿಗೂ ಅಂಥದೇ ಬದಲಿ ಚಾಸಿಗಳನ್ನು ಒದಗಿಸಿತು. ಸ್ಪೈಡರ್ ಎಂಬ ಇನ್ನೊಂದು ಸಂಸ್ಥೆ ಉಕ್ಕಿನ ಕೊಳವೆಗಳನ್ನು ಬೆಸೆದ ಬೇರೆಯದೇ ಬಗೆಯ ಚೌಕಟ್ಟನ್ನು ಮಾಡಿತು. ಮೂಲ ಚಾಸಿಯನ್ನೇ ಉಳಿಸಿಕೊಂಡ ಎಲಾನಿಗೆ ಸಂಗ್ರಾಹಕರಲ್ಲಿ ಗೌರವ ಹೆಚ್ಚು. ನನ್ನ ಅಭಿಪ್ರಾಯ ಕೇಳುವುದಾದರೆ, ಗೋಪುರದ ಬುಡ ಅಥವಾ ಹಿಂದಿನ ಕವೆ ಬಿರುಕು ಬಿಟ್ಟಿದ್ದು ನಡುಪೆಟ್ಟಿಗೆಯೂ ಕೊಳೆತಿದ್ದರೆ ಹೊಸದನ್ನು ಹಾಕಿ, ಹಳೆಯದನ್ನು ಬೇಕಾದರೆ ಗೋಡೆಗೆ ನೇತುಹಾಕಿ. ಒಂದೋ ಎರಡೋ ಕಡೆ ಮಾತ್ರ ಕೆಟ್ಟಿದ್ದರೆ ಕತ್ತರಿಸಿ ಬೆಸೆಯಬಹುದು. ಕೊಳೆತ ತಗಡನ್ನು ಹಾಗೇ ಬಿಟ್ಟು ಅದರ ಮೇಲೆ ಇನ್ನೊಂದು ತಗಡು ಹೊದಿಸುವುದು ರಿಪೇರಿಯಲ್ಲ. ಅದರಿಂದ ಹೊಸದೊಂದು ಸಂದು ಹುಟ್ಟುತ್ತದೆ, ಆ ಸಂದಿನಲ್ಲಿ ಏನಾಗುತ್ತದೆಂದು ಈಗ ನಿಮಗೆ ಗೊತ್ತು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಅಂಚಿಗೆ ಅಂಚು ಸೇರಿಸಬೇಕು. ಚಾಸಿಯನ್ನು ಚೌಕಟ್ಟಿಗೆ ಬಿಗಿದಿಟ್ಟು, ಇಲ್ಲೊಂದು ಹೊಲಿಗೆ ಅಲ್ಲೊಂದು ಹೊಲಿಗೆ ಎಂಬಂತೆ ಬೆಸೆಯಬೇಕು. ಒಂದೇ ಕಡೆ ಎಳೆದರೆ ಶಾಖಕ್ಕೆ ತಗಡು ಸೆಟೆದುಕೊಳ್ಳುತ್ತದೆ. ಸತು ಹಚ್ಚಿದ ತಗಡನ್ನು ಬೆಸೆಯುವವರು ಇನ್ನೊಂದು ಮಾತು ಗಮನಿಸಲಿ. ಅದರ ಬಿಳಿ ಹೊಗೆ ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸೆಯುವ ಜಾಗದಿಂದ ಸತುವನ್ನು ಮೊದಲು ಉಜ್ಜಿ ತೆಗೆಯಬೇಕು.

ಬೆಸುಗೆಗೂ ಲೇಪಕ್ಕೂ ಮುಂಚೆ ಲೋಹ ಬೆತ್ತಲಾಗಬೇಕು. ಒತ್ತಡದ ಗಾಳಿಯೊಂದಿಗೆ ಗಡಸು ಕಣಗಳನ್ನು ಚಿಮ್ಮಿಸಿ ತುಕ್ಕನ್ನು ಕೀಳುವುದು ಉತ್ತಮ ವಿಧಾನ. ನಮ್ಮಲ್ಲಿ ಇದಕ್ಕೆ ಇಂದಿಗೂ ಸ್ಯಾಂಡ್ ಬ್ಲಾಸ್ಟಿಂಗ್ ಎಂದೇ ಹೆಸರು. ಆದರೆ ಮರಳು ಬೇಡ. ಮರಳಿನ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಗಟ್ಟಿಗೊಳಿಸುವ ಸಿಲಿಕೋಸಿಸ್ ರೋಗ ತರುತ್ತದೆ, ಅದಕ್ಕೆ ಮದ್ದಿಲ್ಲ. ಎರಕದ ವಸ್ತುಗಳ ಶುದ್ಧೀಕರಣಕ್ಕೆ ಮರಳು ಚಿಮ್ಮಿಸುವುದನ್ನು ಬ್ರಿಟನ್ 1949ರಲ್ಲಿಯೇ ನಿಷೇಧಿಸಿತು. ಉಕ್ಕಿನ ಪುಡಿ, ಗಾರ್ನೆಟ್, ಅಲ್ಯೂಮಿನಾ ಮುಂತಾದವು ಇವೆ. ಒಂದು ವೇಳೆ ನಿಮ್ಮ ಊರಿನ ಶೆಡ್ಡಿನಲ್ಲಿ ಹುಡುಗನೊಬ್ಬ ಮುಖಕ್ಕೆ ಟವೆಲು ಸುತ್ತಿಕೊಂಡು ಮರಳು ಚಿಮ್ಮಿಸುತ್ತಿದ್ದರೆ ದಯವಿಟ್ಟು ನಿಮ್ಮ ಕಾರನ್ನು ಅಲ್ಲಿಗೆ ಒಯ್ಯಬೇಡಿ. ಕಾರಿಗಾಗಿ ಅಲ್ಲ, ಆ ಹುಡುಗನಿಗಾಗಿ. ತೆಳುತಗಡಿನ ಮೇಲೆ ಒತ್ತಡ ಹೆಚ್ಚಾದರೆ ತಗಡು ಉಬ್ಬುವುದೂ ಉಂಟು. ಕೆಲಸ ಮುಗಿದಾಗ ಉಕ್ಕು ಬೂದು ಬಣ್ಣದ್ದಾಗಿ, ಮೈ ಸ್ವಲ್ಪ ಒರಟಾಗಿ ಇರುತ್ತದೆ. ಆ ಒರಟುತನವೇ ಲೇಪಕ್ಕೆ ಹಿಡಿತ. ಅದನ್ನು ಬರಿಗೈಯಿಂದ ಮುಟ್ಟಬಾರದು. ತೇವದ ದಿನವಾದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಕಂದು ಛಾಯೆ ಮೂಡುತ್ತದೆ, ಆದ್ದರಿಂದ ಅದೇ ದಿನ ಮೊದಲ ಲೇಪ ಬೀಳಬೇಕು.

ತುಕ್ಕಿನ ಮೇಲೆಯೇ ಬಳಿದರೆ ಅದನ್ನು ಗಟ್ಟಿ ಕಪ್ಪು ಪದರವಾಗಿಸುವ ದ್ರಾವಣಗಳನ್ನು ಹಲವರು ಕೇಳಿದ್ದಾರೆ. ಅವುಗಳಲ್ಲಿರುವುದು ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಇಲ್ಲವೇ ಫಾಸ್ಫಾರಿಕ್ ಆಮ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುವುದೂ, ಅಳಲೆಕಾಯಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ರಸಾಯನ. ಹೊರಮೈಯ ತೆಳುತುಕ್ಕಿಗೆ ಇದು ಸಾಕು. ಪದರ ಪದರವಾಗಿ ಏಳುವ ತುಕ್ಕಿಗೆ ಇದು ಮುಟ್ಟುವುದು ಮೇಲಿನ ಪದರವನ್ನು ಮಾತ್ರ.

ಲೇಪಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಸತು. ನಿಮ್ಮ ಮನೆಯ ಜಿ.ಐ. ಪೈಪು, ಜಿ.ಐ. ಶೀಟಿನಲ್ಲಿರುವ 'ಜಿ' ಇದೇ: ಗ್ಯಾಲ್ವನೈಸ್ಡ್. ಇದರ ಹಿಂದಿನ ವಿಚಾರ ಹಳೆಯದು. 1824ರಲ್ಲಿ ಹಂಫ್ರಿ ಡೇವಿ ಹಡಗುಗಳ ತಳದ ತಾಮ್ರದ ಹೊದಿಕೆಗೆ ಸತುವಿನ ತುಂಡು ಜೋಡಿಸಿದರೆ ತಾಮ್ರ ಉಳಿಯುತ್ತದೆಂದು ತೋರಿಸಿದರು. 1837ರಲ್ಲಿ ಫ್ರಾನ್ಸಿನ ಸೊರೆಲ್, ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟು ಪಡೆದರು.

ಸತು ಬರೀ ಹೊದಿಕೆಯಾಗಿ ಕೆಲಸ ಮಾಡುವುದಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ನೆನೆಯಿರಿ. ಅದರ ಉಕ್ಕಿಗೆ ತವರದ ಲೇಪವಿರುತ್ತದೆ. ಪಾತ್ರೆಗೆ ಕಲಾಯಿ ಹಾಕುವುದೂ ತವರದಿಂದಲೇ. ಡಬ್ಬಿಗೆ ಗೀರು ಬಿದ್ದರೆ ಗೀರಿನ ಜಾಗ ಬೇಗನೆ ತುಕ್ಕು ಹಿಡಿಯುತ್ತದೆ. ಏಕೆಂದರೆ ತೇವದ ಗಾಳಿಯಲ್ಲಿ ತವರಕ್ಕಿಂತ ಕಬ್ಬಿಣ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಹಾಗಾಗಿ ಕರಗುವುದು ಕಬ್ಬಿಣವೇ. ಸತುವಿನ ಬಕೆಟ್ಟಿಗೆ ಗೀರು ಬಿದ್ದರೆ ಇದು ತಿರುವುಮುರುವು. ಕಬ್ಬಿಣಕ್ಕಿಂತ ಸತು ಎಲೆಕ್ಟ್ರಾನುಗಳನ್ನು ಇನ್ನೂ ಸುಲಭವಾಗಿ ಬಿಡುತ್ತದೆ. ಗೀರಿನ ಸುತ್ತಲಿನ ಸತು ತಾನು ಕರಗಿ ಬಯಲಾದ ಕಬ್ಬಿಣವನ್ನು ಕಾಯುತ್ತದೆ. ಕಲ್ಲು ಸಿಡಿಯುವ ಜಾಗವಾದ ಚಾಸಿಗೆ ಇದಕ್ಕಿಂತ ಹೇಳಿಮಾಡಿಸಿದ ಗುಣ ಯಾವುದು?

ವಿಧಾನ ಹೀಗಿದೆ. ಮೊದಲು ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಜಿಡ್ಡು ತೆಗೆಯುತ್ತಾರೆ, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಉಳಿದ ತುಕ್ಕನ್ನು ಕರಗಿಸುತ್ತಾರೆ. ನಂತರ ಸತು ಮತ್ತು ಅಮೋನಿಯಂ ಕ್ಲೋರೈಡುಗಳ ದ್ರಾವಣದಲ್ಲಿ ಮುಳುಗಿಸಿ, ಕೊನೆಗೆ ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವ ಕರಗಿದ ಸತುವಿನ ತೊಟ್ಟಿಗೆ ಇಳಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಸತು ಮತ್ತು ಕಬ್ಬಿಣ ಬೆರೆತ ಮಿಶ್ರಲೋಹದ ಪದರಗಳು ಹುಟ್ಟಿಕೊಳ್ಳುತ್ತವೆ, ಅವುಗಳ ಮೇಲೆ ಶುದ್ಧ ಸತು ನಿಲ್ಲುತ್ತದೆ. ಆದ್ದರಿಂದಲೇ ಇದು ಬಣ್ಣದಂತೆ ಸುಲಿದು ಬರುವುದಿಲ್ಲ. ತೆಳುತಗಡಿನ ಮೇಲೆ ಇದರ ದಪ್ಪ ಸರಾಸರಿ 45ರಿಂದ 55 ಮೈಕ್ರಾನ್ ಇರಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಮೈಕ್ರಾನ್ ಸವೆಯುತ್ತದೆಂದು ಹಿಡಿದರೂ ಲೆಕ್ಕ ನೀವೇ ಹಾಕಬಹುದು. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಕರಗಿದ ಸತು ಪೆಟ್ಟಿಗೆಯ ಒಳಗೂ ಹರಿಯುತ್ತದೆ. ಬ್ರಷ್ಷು ಹೋಗದ ಕಡೆ ಅದು ಹೋಗುತ್ತದೆ.

ಆದರೆ ಅದು ಒಳಗೆ ಹೋಗಲು, ಹೊರಗೆ ಬರಲು ತೂತು ಬೇಕು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಚಮಚ ನೀರು ಉಳಿದಿದ್ದು 450 ಡಿಗ್ರಿಯ ತೊಟ್ಟಿಗೆ ಇಳಿದರೆ ನೀರು ಕ್ಷಣದಲ್ಲಿ ಹಬೆಯಾಗಿ ಪೆಟ್ಟಿಗೆ ಬಾಂಬಿನಂತೆ ಸಿಡಿಯುತ್ತದೆ. ಸುತ್ತ ನಿಂತವರ ಮೇಲೆ ಕರಗಿದ ಲೋಹ ಎರಚುತ್ತದೆ. ಎಲಾನಿನ ಆ ನಿರ್ವಾತದ ಪೆಟ್ಟಿಗೆ ಅಂಥದೇ ಒಂದು ಮುಚ್ಚಿದ ಜಾಗ. ಚಾಸಿಯಲ್ಲಿ ಎಲ್ಲೆಲ್ಲಿ ಟೊಳ್ಳು ಇದೆಯೆಂದು ಸತುವಿನ ಘಟಕದವರಿಗೆ ಮುಂಚಿತವಾಗಿ ತೋರಿಸಿ, ಗಾಳಿ ಹೋಗಲು ಮೇಲೆ, ಸತು ಇಳಿಯಲು ಕೆಳಗೆ ತೂತು ಕೊರೆಸಲೇಬೇಕು. ಹಳೆಯ ಚಾಸಿಗೆ ಇನ್ನೂ ಮೂರು ತೊಂದರೆಗಳಿವೆ. ಒಳಗಿನ ಹಳೆಯ ಬಣ್ಣ, ಎಣ್ಣೆ ಪೂರ್ತಿ ಹೋಗದಿದ್ದರೆ ಅಲ್ಲಿ ಸತು ಹಿಡಿಯುವುದಿಲ್ಲ. ಸಂದಿನಲ್ಲಿ ಆಮ್ಲ ಉಳಿದರೆ ಅದು ಮುಂದೆ ತನ್ನ ಕೆಲಸ ಮುಂದುವರಿಸುತ್ತದೆ. ಮತ್ತು ಬೆಸುಗೆಯ ಸುತ್ತ ದಶಕಗಳಿಂದ ಅಡಗಿದ್ದ ಬಿಗಿತ ಈ ಶಾಖಕ್ಕೆ ಸಡಿಲಗೊಂಡು ಚಾಸಿ ಸೊಟ್ಟಗಾಗಬಹುದು. ತೊಟ್ಟಿಗೆ ಹೋಗುವ ಮುಂಚೆ ಅಳೆದ ಕರ್ಣಗಳನ್ನು ಬಂದ ಮೇಲೆ ಮತ್ತೆ ಅಳೆಯಿರಿ. ಈ ಕಾರಣಕ್ಕೇ, ಹೊಸದಾಗಿ ಮಾಡಿದ ಚಾಸಿಗೆ ಸತು ಸರಿ, ಹಳೆಯದಕ್ಕೆ ಎರಡು ಸಲ ಯೋಚಿಸಿ ಎಂಬುದು ನನ್ನ ನಿಲುವು.

ಪುಡಿಲೇಪ, ಅಂದರೆ ಪೌಡರ್ ಕೋಟಿಂಗ್, ಈಗ ಪ್ರತಿ ಕೈಗಾರಿಕಾ ಬಡಾವಣೆಯಲ್ಲೂ ಸಿಗುತ್ತದೆ. ಬಣ್ಣದ ಒಣಪುಡಿಗೆ ವಿದ್ಯುದಾವೇಶ ಕೊಟ್ಟು, ಭೂಸಂಪರ್ಕ ಮಾಡಿದ ವಸ್ತುವಿನ ಮೇಲೆ ಸಿಂಪಡಿಸುತ್ತಾರೆ. ಪುಡಿ ತಾನಾಗಿ ಅಂಟಿಕೊಳ್ಳುತ್ತದೆ. ಆಮೇಲೆ 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸಿದರೆ ಕರಗಿ ಗಟ್ಟಿ ಪದರವಾಗುತ್ತದೆ. ನೋಡಲು ಅತಿ ಸುಂದರ. ಆದರೆ ಭೌತಶಾಸ್ತ್ರದ ಒಂದು ನಿಯಮ ಇಲ್ಲಿ ಅಡ್ಡ ಬರುತ್ತದೆ. ವಿದ್ಯುತ್ ಕ್ಷೇತ್ರ ಲೋಹದ ಪೆಟ್ಟಿಗೆಯ ಒಳಗೆ, ಆಳವಾದ ಮೂಲೆಗಳಿಗೆ ಹೋಗುವುದಿಲ್ಲ. ಫ್ಯಾರಡೆಯ ಪಂಜರ ಎಂದು ಓದಿದ್ದು ಇದನ್ನೇ. ಹಾಗಾಗಿ ಪುಡಿ ಹೊರಗಿನ ಅಂಚುಗಳಿಗೆ ದಟ್ಟವಾಗಿ ಕೂರುತ್ತದೆ, ಗೋಪುರದ ಬುಡದಂಥ ಒಳಮೂಲೆಗೆ ತೆಳ್ಳಗೆ ಬೀಳುತ್ತದೆ, ಪೆಟ್ಟಿಗೆಯೊಳಗೆ ಬೀಳುವುದೇ ಇಲ್ಲ. ರಕ್ಷಣೆ ಎಲ್ಲಿ ಬೇಕೋ ಅಲ್ಲಿ ಇಲ್ಲ. ಜೊತೆಗೆ ಈ ಪದರ ಗಟ್ಟಿ. ಕಲ್ಲು ಬಡಿದು ಒಂದು ಚೂರು ಹಾರಿದರೆ ನೀರು ಅಡಿಗೆ ನುಸುಳಿ, ಪದರದ ಕೆಳಗೇ ತುಕ್ಕು ಹರಡುತ್ತದೆ. ಹೊರಗಿನಿಂದ ಏನೂ ಕಾಣದು. ನಮ್ಮ ಹೆರಾಲ್ಡಿನ ಡಾಂಬರು ಲೇಪದ ಕತೆಯೇ, ಬೆಲೆ ಮಾತ್ರ ಹೆಚ್ಚು. ಪುಡಿಲೇಪ ಬೇಕೇಬೇಕೆಂದಿದ್ದರೆ ಅದರಡಿ ಸತುಭರಿತ ಎಪಾಕ್ಸಿ ಪ್ರೈಮರು ಹಾಕಿಸಿ.

ಮನೆಯಲ್ಲೇ ಮಾಡುವವರಿಗೆ ನಾನು ಹೇಳುವುದು ಎರಡು ಭಾಗಗಳ ಎಪಾಕ್ಸಿ ಪ್ರೈಮರು, ಅದರ ಮೇಲೆ ಸಾಧಾರಣ ಚಾಸಿ ಬಣ್ಣ. ಹೊಳಪು ಕಡಿಮೆ, ಆದರೆ ಕೆಟ್ಟರೆ ಕಾಣುತ್ತದೆ, ಆ ಜಾಗವನ್ನಷ್ಟೇ ಉಜ್ಜಿ ಮತ್ತೆ ಬಳಿಯಬಹುದು. ಐಸೋಸಯನೇಟ್ ಇರುವ ಪಾಲಿಯುರೆಥೇನ್ ಬಣ್ಣವನ್ನು ಮಾತ್ರ ಸರಿಯಾದ ಉಸಿರುಸಾಧನವಿಲ್ಲದೆ ಸಿಂಪಡಿಸಬೇಡಿ, ಆಸ್ತಮಾ ಹಿಡಿದರೆ ಬಿಡುವುದಿಲ್ಲ. ಬಣ್ಣ ಒಣಗಿದ ಮೇಲೆ ಟೊಳ್ಳುಗಳೊಳಗೆ ಉದ್ದ ಕೊಳವೆಯಿಂದ ಮೇಣ ಸಿಂಪಡಿಸಬೇಕು. ಮೇಣ ಸಂದಿಗೆ ತಾನೇ ಹರಿದು ಸೇರುತ್ತದೆ, ಒಣಗಿ ಬಿರಿಯುವುದಿಲ್ಲ. ಇದಕ್ಕಾಗಿಯೇ ಬ್ರಿಟನ್ನಿನಲ್ಲಿ ವ್ಯಾಕ್ಸಾಯಿಲ್ ಎಂಬ ಸರಕು ದಶಕಗಳಿಂದ ಮನೆಮಾತಾಗಿದೆ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಾಕಬೇಕಾಗುತ್ತದೆ.

ಇದನ್ನೆಲ್ಲ ಯಾರಾದರೂ ಪರೀಕ್ಷಿಸುತ್ತಾರೆಯೇ? ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ದೊಡ್ಡ ಮಾರ್ಪಾಡು ಆಗದ 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಎಲ್ಲ ಎಲಾನ್‌ಗಳೂ ಆ ಪಟ್ಟಿಗೆ ಸೇರುವ ವಯಸ್ಸಿನವು. ಅಂದರೆ ಗೋಪುರದ ಬುಡವನ್ನು ಸುತ್ತಿಗೆಯಿಂದ ತಟ್ಟುವ ಹೊಣೆ ಈಗ ಮಾಲೀಕನದ್ದೇ. ನಮ್ಮಲ್ಲಿ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಅಧ್ಯಾಯ ಸೇರಿತು. 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನಗಳಿಗೆ ಅದರಲ್ಲಿ 'ವಿ.ಎ.' ಅಕ್ಷರಗಳ ಪ್ರತ್ಯೇಕ ನೋಂದಣಿ ಉಂಟು. ಚಾಸಿಯಲ್ಲಿ ಮಾರ್ಪಾಡು ಮಾಡಿದರೆ ಆ ಅರ್ಹತೆಗೆ ಧಕ್ಕೆ ಬರುತ್ತದೆ. ಆದ್ದರಿಂದ ಹಳೆಯ ಚಾಸಿಗೆ ಗ್ರೈಂಡರು ಇಡುವ ಮುಂಚೆ ಎಲ್ಲ ಕೋನಗಳಿಂದ ಫೋಟೋ ತೆಗೆದಿಡಿ, ಚಾಸಿ ಸಂಖ್ಯೆಯ ಅಚ್ಚನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ಪಡೆಯಿರಿ, ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಕಾರನ್ನು ಮತ್ತೆ ಜೋಡಿಸುವಾಗ ಎದುರಾಗುವ ಒಂದೆರಡು ಸಣ್ಣ ವಿಷಯಗಳನ್ನೂ ಹೇಳಿಬಿಡುತ್ತೇನೆ. ಸತುವಿನಲ್ಲಿ ಅದ್ದಿದ ಚಾಸಿಯ ಮರೆಗಳೆಲ್ಲ ತುಂಬಿಹೋಗಿರುತ್ತವೆ. ಪ್ರತಿಯೊಂದಕ್ಕೂ ಟ್ಯಾಪು ಹೊಡೆದು ಬಿಡಿಸಬೇಕು. ಸತುವಿನ ಮೇಲೆ ನೇರವಾಗಿ ಬಣ್ಣ ನಿಲ್ಲುವುದಿಲ್ಲ, ಅದಕ್ಕೆಂದೇ ಇರುವ ಕಚ್ಚುದ್ರಾವಣ ಬಳಿದು ಮೈ ಕಪ್ಪಾದ ಮೇಲೆ ಬಣ್ಣ ಹಾಕಬೇಕು. ಇನ್ನು ಫೈಬರ್‌ಗ್ಲಾಸು ವಿದ್ಯುತ್ತನ್ನು ಹರಿಸದು; ಎಲಾನಿನಲ್ಲಿ ಅರ್ತಿಂಗ್ ಮರಳುವುದು ಚಾಸಿಯ ಮೂಲಕ. ತಿಂಗಳುಗಟ್ಟಲೆ ಶ್ರಮಪಟ್ಟು ದಪ್ಪನೆಯ ಲೇಪ ಕೊಟ್ಟ ಮಾಲೀಕ ಕೊನೆಗೆ ಕೀಲಿ ತಿರುಗಿಸಿದಾಗ ದೀಪವೂ ಇಲ್ಲ, ಸ್ಟಾರ್ಟರೂ ಇಲ್ಲ! ಅರ್ತಿಂಗ್ ತಂತಿ ಕೂರುವ ಕಡೆ ನಾಣ್ಯದಗಲದಷ್ಟು ಲೇಪ ಕೆರೆದು, ತಂತಿ ಬಿಗಿದ ಮೇಲೆ ಗ್ರೀಸು ಹಚ್ಚಬೇಕು. ಹೆರಾಲ್ಡಿನಿಂದ ಎರವಲು ಬಂದ ಆ ಮುಂಚಕ್ರದ ಕೀಲುಗಳಿಗೆ ಮಾತ್ರ ಗ್ರೀಸು ಬೇಡ, ಗೇರ್ ಎಣ್ಣೆ ಹಾಕಿ. ಗ್ರೀಸು ಗಟ್ಟಿಯಾಗಿ ಮರೆಗಳಿಗೆ ತಲುಪದೆ ಕೀಲು ಒಣಗಿ ತುಂಡಾದ ಉದಾಹರಣೆಗಳಿವೆ.

ಆಮೇಲೆ ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಸೈಕಲ್ ಕಡ್ಡಿ ತೆಗೆದುಕೊಂಡು ಕಾರಿನಡಿ ತೂರಿ, ಚಾಸಿಯ ನೀರಿನ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸಿ. ನಮ್ಮ ತಂದೆಯವರು ಹೆರಾಲ್ಡಿನ ನಂತರ ಕೊಂಡ ಕಾರಿಗೆ, ಆ ಎರಡು ಸೊಟ್ಟ ಬೆರಳುಗಳಲ್ಲೇ ಕಡ್ಡಿ ಹಿಡಿದು, ಪ್ರತಿ ಮೇ ತಿಂಗಳಲ್ಲಿ ಇದನ್ನು ತಾವೇ ಮಾಡುತ್ತಿದ್ದರು. ಗ್ಯಾರೇಜಿನವರಿಗೆ ಬಿಡುತ್ತಿರಲಿಲ್ಲ.